ಕ್ರಾಂತಿಯ ವೋಟು

ಯುವನಾಯಕನ ತಲೆಗೆ ಕಪ್ಪು ಬಣ್ಣ ಹಚ್ಚುವುದು ಅರ್ಧ ಮುಗಿದಿತ್ತು. ಅಷ್ಟರಲ್ಲಿ ಕ್ರಾಂತಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಬ್ರಶ್ಶನ್ನು ಬಟ್ಟಲಲ್ಲಿ ಬಿಟ್ಟು ಕೈ ಒರೆಸಿಕೊಂಡ. ಯುವನಾಯಕನಿಗೆ ಐವತ್ತು ದಾಟಿ ಯಾವ ಕಾಲವಾಗಿತ್ತೋ, ಉಳಿದ ಯೌವನವೆಲ್ಲ ಈ ಸಲೂನಿನ ಬಟ್ಟಲಲ್ಲೇ ಇತ್ತು. ಅವತ್ತು ಮತದಾನ. ಬೂತಿನ ಮುಂದೆ ಫೋಟೋಕ್ಕೆ ನಿಲ್ಲುವ ಮೊದಲು ನರೆಗೂದಲು ಮುಚ್ಚಿಕೊಳ್ಳಲು ಬಂದಿದ್ದ.

"ವೋಟು ಹಾಕಿದ್ಯೇನೋ?" ಎಂದು ಕನ್ನಡಿಯಲ್ಲೇ ಕೇಳಿದ.

"ಆ ದರಿದ್ರ ಬಿಟ್ಟು ತುಂಬಾ ದಿನ ಆಯ್ತಣ್ಣ," ಎಂದ ಕ್ರಾಂತಿ.

ಕ್ರಾಂತಿ ಎಂಬ ಅಡ್ಡಹೆಸರು ಇಟ್ಟವನೂ ಈ ಯುವನಾಯಕನೇ. ಕಳೆದ ಚುನಾವಣೆಯಲ್ಲಿ ಅವನ ಹಿಂದೆ ಬೀದಿ ಬೀದಿ ಅಲೆದು, 'ಕ್ರಾಂತಿ, ಕ್ರಾಂತಿ' ಎಂದು ಗಂಟಲು ಹರಿಯುವಂತೆ ಕೂಗಿದವನು ಇವನು. ಗೆದ್ದ ಆಸಾಮಿ, ಇವನ ಗಂಟಲು ಸರಿಹೋಗುವ ಮೊದಲೇ, ತಾನು ಬಾಯಿಗೆ ಬಂದಂತೆ ಬೈದಿದ್ದ ಎದುರು ಪಕ್ಷಕ್ಕೆ ಹಾರಿದ. ಅಂದಿನಿಂದ ಪಕ್ಷ ಎಂದರೆ ಕ್ರಾಂತಿಗೆ ಮೈಯೆಲ್ಲ ಉರಿ. ಎಲ್ಲರೂ ಒಂದೇ ಬಳ್ಳಿಯ ಕಾಯಿಗಳು ಎಂದು ಕೈ ತೊಳೆದುಕೊಂಡು, ಫೋನಿನಲ್ಲೇ ಕೊಂಡು ಫೋನಿನಲ್ಲೇ ಮಾರುವ ಕ್ರಿಪ್ಟೋ ನಾಣ್ಯದ ಕಡೆ ತಿರುಗಿದ. ತನ್ನ ದುಡ್ಡನ್ನಷ್ಟೇ ಸುರಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಪರದೆಯ ಆಚೆ ಹೆಂಗಸರ ವಿಭಾಗ ನೋಡಿಕೊಳ್ಳುತ್ತಿದ್ದ ಅಕ್ಕ, ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದನ್ನೂ ತಮ್ಮನ ಮಾತು ನಂಬಿ ಕೊಟ್ಟಿದ್ದಳು. ಸಲೂನಿನ ಮಾಲೀಕ ಅಂಗಡಿ ಮಾರುವವನಿದ್ದ. ಸಂಜೆಯೊಳಗೆ ಮುಂಗಡ ಕೊಟ್ಟರೆ ಅಂಗಡಿ ಇವರದು. ಇಲ್ಲವಾದರೆ ಪಕ್ಕದ ಮೊಬೈಲ್ ಅಂಗಡಿಯವನದು, ಇವರಿಬ್ಬರ ಪಾಲಿಗೆ ಬೀದಿ. ಬೆಲೆ ಇನ್ನೂ ಏರುತ್ತದೆ, ತಡಿ ಅಕ್ಕ, ತಡಿ ಅಕ್ಕ ಎನ್ನುತ್ತ ಕ್ರಾಂತಿ ನಾಣ್ಯದ ಮಾರಾಟವನ್ನು ಈ ದಿನದವರೆಗೂ ಎಳೆದಿದ್ದ.

"ನಮ್ಮಲ್ಲೂ ಇವತ್ತು ಮತದಾನ," ಎಂದ ಅವನು ಫೋನು ತೋರಿಸಿ. "ಬಾವುಟ ಇಲ್ಲ, ಭಾಷಣ ಇಲ್ಲ, ದುಡ್ಡು ಹಂಚೋದಿಲ್ಲ. ನಾಣ್ಯ ಇಟ್ಕೊಂಡೋರೇ ಎಲ್ಲ ತೀರ್ಮಾನ ಮಾಡೋದು. ನಿಮ್ಮಂಥೋರಿಗೆ ಅಲ್ಲಿ ಕೆಲಸಾನೇ ಇಲ್ಲ ಅಣ್ಣ."

"ದುಡ್ಡೂ ಹಂಚಲ್ವಾ? ಪಾಪ," ಎಂದ ಯುವನಾಯಕ.

ಕ್ರಾಂತಿ ಗತ್ತಿನಿಂದ ಸಂದೇಶ ತೆರೆದ. ಓದುತ್ತ ಓದುತ್ತ ಅವನ ಮುಖದ ಬಣ್ಣ ಇಳಿಯಿತು. ನಾಣ್ಯ ಕುಟುಂಬದ ಹಿತಕ್ಕಾಗಿ ಇನ್ನು ಎರಡು ವರ್ಷ ಯಾರೂ ತಮ್ಮ ನಾಣ್ಯ ಮಾರಬಾರದು, ಬೇಕೋ ಬೇಡವೋ ಒತ್ತಿ, ಎಂದಿತ್ತು. ತಕ್ಷಣ ಮಾರಲು ಹೋದ. ಮತದಾನ ಮುಗಿಯುವವರೆಗೆ ಮಾರಾಟ ನಿಲ್ಲಿಸಿದೆ ಎಂದು ಬಂತು. ಬೆವರುತ್ತ 'ಬೇಡ' ಒತ್ತಿದ. ಅವನಂತೆಯೇ ಸಾವಿರಾರು ಮಂದಿ ಒತ್ತುತ್ತಿದ್ದರು, 'ಬೇಡ' ಎಂಬ ಸಂಖ್ಯೆ ನೋಡುನೋಡುತ್ತಲೇ ಏರಿತು. 'ಬೇಕು' ಎಂದವರು ಬೆರಳೆಣಿಕೆಯಷ್ಟು. ಟವೆಲು ಹಿಡಿದು ಹೊರಬಂದ ಅಕ್ಕ ಏನಾಯಿತೆಂದು ಕೇಳಿದಾಗ, ಏನೂ ಆಗಲ್ಲ, ನಮ್ಮ ಜನ ಬಿಡಲ್ಲ ಎಂದು ಅವಳಿಗೇ ಧೈರ್ಯ ಹೇಳಿದ. ಫಲಿತಾಂಶ ಬಂತು. 'ಬೇಕು' ಗೆದ್ದಿತ್ತು.

ಇದ್ಯಾವ ಲೆಕ್ಕ ಎಂದು ಫೋನಿನಲ್ಲಿದ್ದ ನಾಣ್ಯದವರ ಗುಂಪಿನಲ್ಲಿ ಕೇಳಿದ್ದಕ್ಕೆ ಮೇಲಿನಿಂದ ನಯವಾದ ಉತ್ತರ ಇಳಿಯಿತು. ವೋಟು ಇರುವುದು ತಲೆಗಲ್ಲ, ನಾಣ್ಯಕ್ಕೆ. ಅರ್ಧಕ್ಕಿಂತ ಹೆಚ್ಚು ನಾಣ್ಯ ಸಂಸ್ಥಾಪಕರ ಬಳಿಯೇ ಇದೆ. ಸೇರುವಾಗ ತಾವು ಈ ಷರತ್ತು ಓದಿ ಒಪ್ಪಿದ್ದೀರಿ. ಇನ್ನೊಂದು ಪ್ರಶ್ನೆ ಬರೆಯುವಷ್ಟರಲ್ಲಿ ಅವನನ್ನು ಗುಂಪಿನಿಂದ ಹೊರಹಾಕಿದ್ದರು. ಪ್ರಣಾಳಿಕೆ ಓದದೆ ವೋಟು ಒತ್ತುವವರನ್ನು ಕುರಿಗಳೆಂದು ಹಂಗಿಸುತ್ತಿದ್ದ ಮಹಾನುಭಾವ, ಷರತ್ತುಗಳ ತಲೆಬುಡ ನೋಡದೆ ಹೂಂ ಎಂದು ಒತ್ತಿ ಬಂದಿದ್ದ.

ಅಕ್ಕನಿಗೆ ಎಲ್ಲ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳು ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಎಸೆದಳು. ಆ ಸಂಸ್ಥಾಪಕನ ಮನೆಗೆ ಈಗಲೇ ಹೋಗೋಣ ನಡಿ ಎಂದಳು. ಮನೆ ಎಲ್ಲಿದೆಯೋ ಕ್ರಾಂತಿಗೆ ಗೊತ್ತಿರಲಿಲ್ಲ. ಆಫೀಸು? ಇಲ್ಲ. ಹೋಗಲಿ, ಹೆಸರು? ಅದೂ ಗೊತ್ತಿಲ್ಲ, ಗೂಬೆಯ ಚಿತ್ರ ಹಾಕಿಕೊಂಡಿರುತ್ತಾನೆ, ಎಲ್ಲರೂ ಗೂಬೆ ಸಾರ್ ಅನ್ನುತ್ತಾರೆ ಎಂದು ತೊದಲಿದ. ಅಕ್ಕನಿಗೆ ಅಳುವೂ ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ಇಲ್ಲಿ ಕೂತಿದಾನಲ್ಲ, ಈ ಕಳ್ಳನ ಮನೆ ಬಾಗಿಲಾದ್ರೂ ನಂಗೆ ಗೊತ್ತು. ಹೋಗಿ ಮುಖಕ್ಕೆ ಉಗಿದು ಬರಬಹುದು. ನಿನ್ನ ಗೂಬೆಗೆ ನಾನು ಎಲ್ಲಿ ಹೋಗಿ ಉಗೀಲೋ?"

ಕಳ್ಳ ಎನಿಸಿಕೊಂಡ ಯುವನಾಯಕನಿಗೆ ಮಾತ್ರ ಒಂದಿಷ್ಟೂ ಬೇಸರವಾದಂತೆ ಕಾಣಲಿಲ್ಲ. ಒರೆಸುವವರಿಲ್ಲದೆ ಬಣ್ಣ ಹಣೆಯಿಂದ ಹುಬ್ಬಿಗೆ ಇಳಿಯುತ್ತಿದ್ದರೂ ಅವನಿಗೆ ಅದರ ಪರಿವೆ ಇರಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಅವರ ಕಡೆ ತಿರುಗಿಸಿದ.

"ಅಲ್ಲ ಕಣೋ, ಜಾಸ್ತಿ ಇಟ್ಕೊಂಡೋನಿಗೆ ಜಾಸ್ತಿ ವೋಟು. ಮನೆ ಮನೆ ಸುತ್ತಿ ಹಲ್ಲು ಕಿರಿಯೋ ಹಾಗಿಲ್ಲ, ಜನರೇ ದುಡ್ಡು ತಂದು ಸುರೀತಾರೆ, ಉಗಿಯೋಕೆ ಬಾಗಿಲೂ ಇಲ್ಲ," ಎಂದು ಅವನು ನಿಟ್ಟುಸಿರು ಬಿಟ್ಟ. "ಇಷ್ಟು ವರ್ಷ ನಾನು ಎಲ್ಲಿ ಕತ್ತೆ ಕಾಯ್ತಿದ್ನೋ? ಆ ಗೂಬೆ ಸಾರ್ ಹತ್ರ ನಂದೂ ಒಂದು ಮಾತು ಹೇಳಿಡಪ್ಪ."