ಬಾಗಿಲ ಬಳಿಯ ಚರಿಗೆಗಳು

ಭೂಕಂಪದ ನಂತರ ಆ ಓಣಿಯವರೆಲ್ಲ ಬಾಗಿಲ ಬಳಿ ಹಿತ್ತಾಳೆ ಚರಿಗೆಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದರು. ನೆಲ ನಡುಗಿದರೆ ಅವು ಉರುಳುತ್ತಿದ್ದವು. ಯಾರ ಮನೆಯಲ್ಲಿ ಸದ್ದಾದರೂ ಇಡೀ ಓಣಿ ಹೊರಗೆ ಓಡಿಬರುತ್ತಿತ್ತು.

ಕ್ರಮೇಣ ನಡುಕ ನಿಂತಿತು. ಎಲ್ಲರ ಚರಿಗೆಗಳೂ ಅಡುಗೆಮನೆಗೆ ಮರಳಿದವು, ಭಾಗಮ್ಮನವು ಮಾತ್ರ ಬಾಗಿಲಲ್ಲೇ ಉಳಿದವು.

“ಭೂಮಿ ಸುಮ್ಮನಾಗಿ ವರ್ಷಾತು. ಇನ್ನೂ ಏನ್ ಅಂಜಿಕಿ ನಿನಗ?” ಗಂಡ ರೇಗಿದ.

“ಅದ ಅಂಜಿಕಿ. ಇರ್ಲಿ ಬಿಡ್ರಿ.”

“ತೆಗಿ ಅಂದ್ರ ತೆಗಿ!”

“ತೆಗ್ಯಂಗಿಲ್ರಿ.”

ಅವನು ಎಂದಿನಂತೆ ಸೊಂಟದ ಬೆಲ್ಟು ಬಿಚ್ಚಿ ಕೈ ಎತ್ತಿದ. ಅವಳು ಚರಿಗೆಗಳನ್ನು ಜಾಡಿಸಿ ಒದ್ದಳು.

ಸದ್ದಿಗೆ ಓಣಿಯೇ ಓಡಿಬಂತು.

“ಮತ್ತ ಭೂಮಿ ನಡುಗಿತೇನವ್ವಾ?” ಪಕ್ಕದ ಮನೆಯ ಅಜ್ಜಿ ಕೂಗಿದಳು.

ಭಾಗಮ್ಮ ಬಾಗಿಲನ್ನು ಪೂರ್ತಿ ತೆರೆದಳು.

“ಭೂಮಿ ಸುಮ್ಮನಾಗ್ಯದ ಆಯಿ. ಇಂವ ಆಗಿಲ್ಲ, ನೋಡ್ರಿ.”