ಕೊಡದ ನೆನಪು

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನೀಲಾಂಬಿಕಾ ರೂಢಿ ತಪ್ಪದೆ ಎರಡು ಲೋಟ ಚಹಾ ಮಾಡಿದಳು. ಎರಡನೆಯದು ಆಗಷ್ಟೇ ಬಂದ ಅವನ ಕಂಪನಿಯ ದತ್ತಾಂಶ ಪಾಲಕ ಸಂಗಣ್ಣನಿಗಾಯಿತು. ನೌಕರ ಸತ್ತರೆ ಮನೆಯವರ ತಲೆಯಲ್ಲಿರುವ ಅವನ ನೆನಪುಗಳನ್ನು ಕಂಪನಿ ತನ್ನ ದತ್ತಾಂಶವೆಂದು ಹಿಂಪಡೆಯುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ.

“ಈ ಟೊಪ್ಪಿಗಿ ಹಾಕ್ಕೊಳ್ರಿ, ಅಕ್ಕಾರ. ನಿಮ್ಮ ಸಂಸಾರದ ನಾಲ್ಕು ವರ್ಷದ ನೆನಪು ತಗಿಯೂದು ಐದು ನಿಮಿಷದಾಗ ಮುಗೀತೈತಿ. ದುಃಖಾನೂ ಹೋಗ್ತೈತಿ.”

“ಅವ್ರ ಗೊರಕಿನೂ ನಿಮ್ಮ ಕಂಪನೀದೇನು?”

ಸಂಗಣ್ಣ ಪಟ್ಟಿ ನೋಡಿದ. “ಐತ್ರಿ. ಗೋಪ್ಯ ಅಂತ ಬರ್ದಾರ.”

“ಹಂಗಾರ ಕೊಡಾಂಗಿಲ್ಲ ಅಂತ ಬರ್ಕೋರಿ.”

“ನಿಮ್ಮ ಯಜಮಾನ್ರು ಸಹಿ ಮಾಡ್ಯಾರ್ರಿ.”

“ನಾ ಮಾಡಿಲ್ಲ.”

ಕಳೆದ ಮಳೆಗಾಲದಲ್ಲಿ ಗಂಡ ಕಚೇರಿಯಿಂದ ಕೇಳಿ ತಂದಿದ್ದ ಛತ್ರಿ ಬಾಗಿಲ ಹಿಂದೆಯೇ ಇತ್ತು. ಅವಳು ಅದನ್ನು ತಂದು ಟೊಪ್ಪಿಗೆಯ ಜೊತೆಗೆ ಸಂಗಣ್ಣನ ಕೈಗಿಟ್ಟಳು.

“ಅವ್ರು ನಿಮ್ಮಿಂದ ಕಡ ತಂದಿದ್ದು ಇದೊಂದ. ಒಯ್ರಿ.”