ಬೀಸುಕಲ್ಲಿನ ಮುಂದೆ ಅಜ್ಜಿ

ಆಗತಾನೆ ಬೀಸಿದ ಜೋಳದ ಹಿಟ್ಟಿನ ವಾಸನೆ ಮೂಗಿಗೆ ತಾಗಿದರೆ ಈಗಲೂ ರಾಯಚೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಕಲ್ಲೂರಿನಿಂದ ಬಂದಿದ್ದ ಅಜ್ಜಿಯನ್ನು ನಾನೇ ಹಟ ಹಿಡಿದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಬೀಸುಕಲ್ಲಿನ ಮುಂದೆ ‘ಹಿಂದಿನವರು ಬಳಸುತ್ತಿದ್ದುದು’ ಎಂದು ಬರೆದಿತ್ತು. ನಾನು ಗಟ್ಟಿಯಾಗಿ ಓದಿದೆ.

“ಹಿಂದಿನವರು ಅಂದ್ರ ಯಾರು? ಇವತ್ತು ಮುಂಜಾನಿ ನಾ ಬೀಸಿ ಬಂದೀನಿ” ಎಂದ ಅಜ್ಜಿ ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಕಾಲು ಚಾಚಿ ಕೂತು ಕಲ್ಲಿನ ಗೂಟ ಹಿಡಿದಳು. ಕಲ್ಲು ಗರಗರ ತಿರುಗಿತು.

ಕಾವಲುಗಾರ ಓಡಿಬಂದ. “ಯವ್ವಾ, ಏಳ್ರಿ! ಅದು ನೋಡಾಕ ಇಟ್ಟಿದ್ದು.”

“ಹಂಗಾದ್ರ ನೋಡಪಾ. ಹಿಂಗ ಬೀಸೋದು.”

ಸುತ್ತ ನಿಂತವರು ನಕ್ಕರು. ನಾಚಿಕೆಯಿಂದ ಬಾಗಿಲವರೆಗೆ ಓಡಿದ ನಾನು ತಿರುಗಿ ನೋಡಿದೆ. ಅಜ್ಜಿ ಒಬ್ಬಳೇ ತಿರುವುತ್ತಲೇ ಇದ್ದಳು. ವಾಪಸು ಬಂದು, ಅವಳೆದುರು ಕೂತು, ಅವಳ ಕೈಯ ಮೇಲೆ ಕೈಯಿಟ್ಟು ನಾನೂ ಗೂಟ ಹಿಡಿದೆ.